ಮನಸಾರೆ ಪ್ರಾರ್ಥಿಸುವುದು ಹೇಗೆ: ಹೊಸಬರಿಗೂ ಹಳಬರಿಗೂ ಕ್ರೈಸ್ತ ಪ್ರಾರ್ಥನೆಯ ಒಂದು ಸಮಗ್ರ ಮಾರ್ಗದರ್ಶಿ

"ಪ್ರಾರ್ಥನೆ ಮಾಡೋಕೆ ನನಗೆ ಬರಲ್ಲ" ಎನ್ನುವವರು ಎರಡು ಥರ. ಕೆಲವರು ಇತ್ತೀಚೆಗೆ ಚರ್ಚಿಗೆ ಬರತೊಡಗಿದವರು. ಪಕ್ಕದವರು ಕಣ್ಣು ಮುಚ್ಚಿ ಸರಾಗವಾಗಿ ಪ್ರಾರ್ಥಿಸುವುದನ್ನು ಕೇಳಿ, ಇಷ್ಟೊಂದು ಮಾತು ನಾನೆಲ್ಲಿಂದ ತರಲಿ ಎಂದು ಹಿಂಜರಿಯುತ್ತಾರೆ. ಇನ್ನು ಕೆಲವರು ಹುಟ್ಟಿನಿಂದಲೇ ಕ್ರೈಸ್ತರು. ಸಂಡೇ ಸ್ಕೂಲಿನಲ್ಲಿ ಕಲಿತದ್ದು ನಾಲಿಗೆಯ ತುದಿಯಲ್ಲೇ ಇದೆ. ಬಾಯಿ ಅದರ ಪಾಡಿಗೆ ಹೇಳುತ್ತಾ ಹೋಗುತ್ತದೆ, ಮನಸ್ಸು ಮಾತ್ರ ಗ್ಯಾಸ್ ಬುಕ್ ಮಾಡಿದೆನೋ ಇಲ್ಲವೋ ಎಂದು ಯೋಚಿಸುತ್ತಿರುತ್ತದೆ. ಈ ಬರಹ ಇಬ್ಬರಿಗೂ.

ಯೇಸುವಿನ ಶಿಷ್ಯರೂ ಇದನ್ನೇ ಕೇಳಿದರು: ನಮಗೆ ಪ್ರಾರ್ಥನೆ ಮಾಡುವುದನ್ನು ಕಲಿಸು (ಲೂಕ 11:1, ಅಂದರೆ ಬೈಬಲಿನ ಲೂಕನ ಸುವಾರ್ತೆ, 11ನೇ ಅಧ್ಯಾಯ, 1ನೇ ವಚನ). ಅವರು ಯೆಹೂದ್ಯರು, ಚಿಕ್ಕಂದಿನಿಂದ ಬೈಬಲಿನ ಪ್ರಾರ್ಥನಾಗೀತೆಗಳಾದ ಕೀರ್ತನೆಗಳನ್ನು ಕೇಳಿ ಬೆಳೆದವರು. ಅಂಥವರೇ ಕಲಿಸು ಎಂದು ಕೇಳಿದ ಮೇಲೆ ನಾವು ಕೇಳೋಕೆ ನಾಚಿಕೆ ಯಾಕೆ? ಪ್ರಾರ್ಥನೆ ಕಲಿತರೆ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನಸಾರೆ ಪ್ರಾರ್ಥಿಸುವುದು ಎಂದರೆ ಕಣ್ಣೀರು ಹಾಕುವುದಲ್ಲ, ದನಿ ಏರಿಸುವುದಲ್ಲ, ಗಂಟೆಗಟ್ಟಲೆ ಮೊಣಕಾಲೂರುವುದೂ ಅಲ್ಲ. ಅವೆಲ್ಲ ಬಂದರೆ ಬರಲಿ. ದೇವರ ಮುಂದೆ ನಾವು ಇರುವ ಹಾಗೇ ಇರುವುದು, ಅಷ್ಟೇ. ಲೂಕ 18ರಲ್ಲಿ ಯೇಸು ಇಬ್ಬರ ಕಥೆ ಹೇಳುತ್ತಾನೆ. ಫರಿಸಾಯನೊಬ್ಬ, ಅಂದರೆ ಧರ್ಮದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಥದವನು, ದೇವಾಲಯದಲ್ಲಿ ನಿಂತು, ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತೇನೆ, ಗಳಿಕೆಯ ಹತ್ತನೇ ಒಂದು ಪಾಲು ದಶಮಾಂಶ ಕೊಡುತ್ತೇನೆ, ಆ ಸುಂಕದವನ ಹಾಗೆ ನಾನಲ್ಲ ಎನ್ನುತ್ತಾನೆ. ಅವನು ಸುಳ್ಳು ಹೇಳಿದ ಎಂದು ಕಥೆಯಲ್ಲಿ ಎಲ್ಲೂ ಇಲ್ಲ. ಉಪವಾಸವೂ ನಿಜ, ದಶಮಾಂಶವೂ ನಿಜ ಇರಬಹುದು. ಆದರೆ ತೋರಿಸಬೇಕಾದ್ದನ್ನು ಮಾತ್ರ ಆರಿಸಿ ತಂದಿದ್ದ. ತೆರಿಗೆ ವಸೂಲಿ ಮಾಡುವ, ಜನ ಪಾಪಿಯೆಂದು ದೂರವಿಡುತ್ತಿದ್ದ ಸುಂಕದವನು ದೂರ ನಿಂತು, ಎದೆ ಬಡಿದುಕೊಂಡು, ದೇವರೇ, ಪಾಪಿಯಾದ ನನ್ನನ್ನು ಕರುಣಿಸು ಎಂದ. ಒಂದೇ ವಾಕ್ಯ. ದೇವರು ಒಪ್ಪಿಕೊಂಡದ್ದು ಇವನನ್ನು ಎಂದು ಯೇಸು ಹೇಳುತ್ತಾನೆ. ಮುಂದಿನ ಹೆಜ್ಜೆಗಳೆಲ್ಲ ಈ ಕಥೆಯ ಮೇಲೇ ನಿಂತಿವೆ.

ಜಾಗ ಮತ್ತು ಹೊತ್ತು

ಕೋಣೆಯೊಳಗೆ ಹೋಗಿ, ಬಾಗಿಲು ಮುಚ್ಚಿ ಪ್ರಾರ್ಥಿಸು ಎನ್ನುತ್ತದೆ ಮತ್ತಾಯ 6:6. ಬೆಂಗಳೂರಿನಲ್ಲಿ ಇದು ಕಷ್ಟ. ಸಿಂಗಲ್ ಬೆಡ್‌ರೂಮ್ ಬಾಡಿಗೆ ಮನೆಯಲ್ಲಿ ಐದು ಜನ, ಪಿಜಿಯಲ್ಲಿ ಒಂದೇ ರೂಮಿಗೆ ಮೂವರು. ಯಾವ ಬಾಗಿಲು ಅಂತ ಮುಚ್ಚೋದು? ಯೇಸುವಿಗೂ ತಲೆಯಿಡೋಕೆ ಸ್ವಂತ ಜಾಗ ಇರಲಿಲ್ಲ. ಇನ್ನೂ ಕತ್ತಲಿರುವಾಗಲೇ ಎದ್ದು ಊರ ಹೊರಗಿನ ಏಕಾಂತಕ್ಕೆ ಹೋದ ಎಂದು ಮಾರ್ಕ 1:35 ಹೇಳುತ್ತದೆ. ಹಾಗಾಗಿ ಬಾಗಿಲು ಇಲ್ಲದಿದ್ದರೆ ಯಾರೂ ತಡೆಯದ ಒಂದು ಮೂಲೆ ಹುಡುಕಿ, ಸಾಕು.

ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ, ಮೋಟರ್ ಹಾಕುವ ಮುಂಚಿನ ಹೊತ್ತು ಚೆನ್ನಾಗಿರುತ್ತದೆ. ಕಬ್ಬನ್ ಪಾರ್ಕಿನ ಕಲ್ಲುಬೆಂಚು ಆಗುತ್ತದೆ. 500ಡಿ ಬಸ್ಸಿನ ಕಿಟಕಿ ಪಕ್ಕದ ಸೀಟೂ ಆಗುತ್ತದೆ: ಇಯರ್‌ಫೋನ್ ಹಾಕಿಕೊಂಡು, ಹಾಡು ಹಾಕದೆ ಕೂತರೆ ಯಾರೂ ಮಾತಾಡಿಸುವುದಿಲ್ಲ. ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾದಂಥ ಕಥೋಲಿಕ ಚರ್ಚುಗಳಲ್ಲಿ ವಾರದ ದಿನವೂ ಒಳಗೆ ಹೋಗಿ ಸುಮ್ಮನೆ ಕೂರಬಹುದು. ಸೆಪ್ಟೆಂಬರ್ 8ರ ಮಾತೆಯ ಹಬ್ಬದ ಆಸುಪಾಸು ಮಾತ್ರ ಅಲ್ಲಿ ಕಾಲಿಡೋಕೂ ಜಾಗ ಇರುವುದಿಲ್ಲ. ವಿವೇಕನಗರದ ಬಾಲಯೇಸುವಿನ ದೇವಾಲಯದಲ್ಲಿ ಗುರುವಾರ ಜನ ಜಾಸ್ತಿ. ಜನರ ನಡುವೆ ನಿಂತು ಪ್ರಾರ್ಥಿಸುವ ಆಸೆಯಿದ್ದರೆ ಗುರುವಾರ ಹೋಗಿ, ನಿಶ್ಶಬ್ದ ಬೇಕಿದ್ದರೆ ಬೇರೆ ದಿನ. ಪ್ರಾಟೆಸ್ಟೆಂಟ್ ಚರ್ಚುಗಳಿಗೆ ವಾರದ ದಿನ ಸಾಮಾನ್ಯವಾಗಿ ಬೀಗ ಇರುತ್ತದೆ. ಆದರೆ ಆಫೀಸಿನಲ್ಲಿ ಕೇಳಿದರೆ ತೆಗೆದುಕೊಡುವವರು ಇದ್ದಾರೆ, ಕೇಳಿ ನೋಡಿ. ಕನ್ನಡದಲ್ಲೇ ಆರಾಧನೆ ಬೇಕೆನ್ನುವವರಿಗೆ ಹಡ್ಸನ್ ವೃತ್ತದ ಹಡ್ಸನ್ ಸ್ಮಾರಕ ದೇವಾಲಯ ಇದೆ. 1904ರಿಂದ ಅಲ್ಲೇ ನಿಂತಿದೆ.

ಹೊತ್ತಿನ ವಿಷಯ ಚಿಕ್ಕದು. ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಿ. ಈಗಾಗಲೇ ತಪ್ಪದೆ ಮಾಡುವ ಕೆಲಸವೊಂದಕ್ಕೆ ಅದನ್ನು ಗಂಟುಹಾಕಿ: ಹಾಲು ತಂದ ಮೇಲೆ, ಮಗುವನ್ನು ಸ್ಕೂಲ್ ವ್ಯಾನ್ ಹತ್ತಿಸಿದ ಮೇಲೆ, ರಾತ್ರಿ ಪಾಳಿ ಮುಗಿಸಿ ಬೂಟು ಬಿಚ್ಚಿದ ಮೇಲೆ. ಬೆಳಗಿನ ನಾಲ್ಕಕ್ಕೆ ಎದ್ದರೇ ಪ್ರಾರ್ಥನೆ ಎಂದೇನಿಲ್ಲ. ಫೋನನ್ನು ಬೇರೆ ಕಡೆ ಇಡಿ. ಸತ್ಯವೇದ (ಬೈಬಲ್) ಫೋನಿನಲ್ಲೇ ಓದುವವರು ಈ ಹತ್ತು ನಿಮಿಷಕ್ಕಾದರೂ ಕಾಗದದ ಪುಸ್ತಕ ತೆರೆಯುವುದು ಒಳ್ಳೆಯದು.

ಮೊದಲ ಎರಡು ನಿಮಿಷ

ಬಂದು ಕೂತ ತಕ್ಷಣ ಮಾತು ಶುರು ಮಾಡಬೇಡಿ. ಹೊರಗಿನ ಗಡಿಬಿಡಿ ಮೈಯಲ್ಲಿ ಇನ್ನೂ ಇರುತ್ತದೆ. ನಿಧಾನವಾಗಿ ಉಸಿರಾಡಿ. ಕುರ್ಚಿಯೋ ಚಾಪೆಯೋ, ಮೈಗೆ ಹಿತವಾದದ್ದು ಇರಲಿ. ಆದಿಸಭೆಯವರು, ಅಂದರೆ ಮೊದಲ ಕಾಲದ ಕ್ರೈಸ್ತರು, ನಿಂತು, ಕೈ ಎತ್ತಿ ಪ್ರಾರ್ಥಿಸುತ್ತಿದ್ದರು. ತನ್ನನ್ನು ಬಂಧಿಸಿದ ರಾತ್ರಿ ಗೆತ್ಸೆಮನೆ ಎಂಬ ತೋಟದಲ್ಲಿ ಯೇಸು ನೆಲಕ್ಕೆ ಬಿದ್ದು ಪ್ರಾರ್ಥಿಸಿದ. ನಮ್ಮ ನೆಲದ ರೀತಿಯಲ್ಲಿ ಪ್ರಾರ್ಥಿಸುವುದನ್ನು ಗಂಭೀರವಾಗಿ ತೆಗೆದುಕೊಂಡ ಎನ್‌ಬಿಸಿಎಲ್‌ಸಿ (ಬೈಬಲ್, ಧರ್ಮಬೋಧನೆ, ಆರಾಧನೆಗಳಿಗಾಗಿ ಇರುವ ಕಥೋಲಿಕರ ರಾಷ್ಟ್ರೀಯ ಕೇಂದ್ರ) 1967ರಲ್ಲಿ ಈ ಊರಿನಲ್ಲೇ ಶುರುವಾಯಿತು. ಮಂಡಿಯೂರಲು ಆಗದ ಅಜ್ಜಿ ಹಾಸಿಗೆಯಲ್ಲಿ ಮಲಗಿ ಪ್ರಾರ್ಥಿಸಿದರೂ ಅದು ಪೂರ್ತಿ ಪ್ರಾರ್ಥನೆಯೇ.

ಆಮೇಲೆ ಯಾರ ಜೊತೆ ಮಾತಾಡಲು ಬಂದಿದ್ದೀರಿ ಎಂದು ನೆನಪಿಸಿಕೊಳ್ಳಿ. ಕ್ರೈಸ್ತ ಪ್ರಾರ್ಥನೆ ತಂದೆಯ ಕಡೆಗೆ, ಯೇಸುವಿನ ಮೂಲಕ, ಪವಿತ್ರಾತ್ಮನ ನೆರವಿನಿಂದ. ದೇವರನ್ನು ಒಲಿಸಿಕೊಳ್ಳುವ ಕೆಲಸ ನಮಗಿಲ್ಲ, ಅವನು ಮೊದಲೇ ಒಲಿದಿದ್ದಾನೆ. ನೀವು ಕೇಳುವ ಮುಂಚೆಯೇ ನಿಮಗೆ ಏನು ಬೇಕೆಂದು ತಂದೆಗೆ ಗೊತ್ತು ಎನ್ನುತ್ತಾನೆ ಯೇಸು (ಮತ್ತಾಯ 6:8).

ಇಲ್ಲಿ ಒಂದು ಮಾತು ಬಿಡುವ ಹಾಗಿಲ್ಲ. ಕುಡಿದು ಬಂದು ಹೊಡೆಯುವ ಅಪ್ಪನನ್ನು ಕಂಡು ಬೆಳೆದವರಿಗೆ "ತಂದೆಯೇ" ಎನ್ನುವಾಗ ಗಂಟಲು ಕಟ್ಟುತ್ತದೆ. ಅವರು ಬಲವಂತ ಮಾಡಿಕೊಳ್ಳಬೇಕಿಲ್ಲ. ಕರ್ತನೇ ಎನ್ನಿ, ಯೇಸುವೇ ಎನ್ನಿ, ನನ್ನ ಕುರುಬನೇ ಎನ್ನಿ. ತಾಯಿ ಮಗುವನ್ನು ಸಂತೈಸುವಂತೆ ನಿಮ್ಮನ್ನು ಸಂತೈಸುವೆನು ಎಂದು ದೇವರೇ ಹೇಳಿರುವುದು ಯೆಶಾಯ 66:13ರಲ್ಲಿದೆ. ಅಲ್ಲಿಂದಲೂ ಶುರು ಮಾಡಬಹುದು.

ಇರುವುದನ್ನು ಇರುವ ಹಾಗೇ ಹೇಳಿ

ಈ ಹೆಜ್ಜೆಯಲ್ಲೇ ಹೆಚ್ಚಿನವರು ಜಾರುತ್ತಾರೆ. ಪ್ರಾರ್ಥನೆಗೆ ಕೂತ ಕೂಡಲೇ ದನಿ ಬದಲಾಗುತ್ತದೆ. ಮನೆಯಲ್ಲಿ ಆಡದ ಕನ್ನಡ ಬಾಯಿಗೆ ಬರುತ್ತದೆ. "ಸರ್ವಶಕ್ತನೂ ಮಹೋನ್ನತನೂ ಆದ ದೇವರೇ, ಈ ಶುಭದಿನಕ್ಕಾಗಿ ಕೋಟಿ ಕೋಟಿ ಸ್ತೋತ್ರ." ಈ ಮಾತುಗಳಲ್ಲಿ ತಪ್ಪೇನೂ ಇಲ್ಲ. ಸಭೆ ಇವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದೆ. ಆದರೆ ಆ ದಿನ ನಿಮ್ಮೊಳಗೆ ಇರುವುದು ಬೇರೆಯೇ ಆಗಿದ್ದರೆ ಅದನ್ನು ಮೊದಲು ಹೇಳಿ. ಹೀಗೆ:

"ಅಪ್ಪಾ, ಅತ್ತಿಗೆ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಮಗಳ ಫೀಸಿಗೆ ಮೂವತ್ತು ಸಾವಿರ ಬೇಕು, ಕೈಯಲ್ಲಿರೋದು ಹನ್ನೆರಡು. ಅಣ್ಣನ ಹತ್ತಿರ ಕೇಳೋಕೆ ಮುಖ ಇಲ್ಲ. ಸ್ತೋತ್ರ ಹೇಳೋ ಮನಸ್ಸೂ ಇಲ್ಲ. ಆದರೂ ಬಂದಿದ್ದೀನಿ."

ಇದು ಪ್ರಾರ್ಥನೆಯೇ. ಇದಾದ ಮೇಲೆ "ಆದರೂ ನಿನಗೆ ಸ್ತೋತ್ರ" ಎಂಬ ಮಾತು ಬಂದರೆ ಅದಕ್ಕೆ ತೂಕ ಇರುತ್ತದೆ.

ಒಂದನೇ ಸಮುವೇಲ ಪುಸ್ತಕದ ಮೊದಲ ಅಧ್ಯಾಯದಲ್ಲಿ ಹನ್ನಳ ಪ್ರಾರ್ಥನೆ ಇದೆ. ಓದಿಲ್ಲದಿದ್ದರೆ ಇವತ್ತೇ ಓದಿ. ಮಕ್ಕಳಿಲ್ಲದ ಹೆಂಗಸು. ಸವತಿ ಪೆನಿನ್ನಳು ವರ್ಷ ವರ್ಷವೂ ಕೆಣಕುತ್ತಾಳೆ. ಗಂಡ, ಹತ್ತು ಗಂಡುಮಕ್ಕಳಿಗಿಂತ ನಾನು ಹೆಚ್ಚಲ್ಲವೇ ಎಂದು ಸಮಾಧಾನ ಹೇಳುತ್ತಾನೆ. ಅವನಿಗೆ ಅವಳ ನೋವು ಅರ್ಥವಾಗಿಲ್ಲ. ಶಿಲೋವಿನ ದೇವಾಲಯಕ್ಕೆ ಹೋಗಿ ಹನ್ನ ಬಿಕ್ಕಿ ಬಿಕ್ಕಿ ಅಳುತ್ತಾ ಪ್ರಾರ್ಥಿಸುತ್ತಾಳೆ. ತುಟಿ ಮಾತ್ರ ಅಲುಗುತ್ತದೆ, ದನಿ ಕೇಳಿಸುವುದಿಲ್ಲ. ಬಾಗಿಲ ಬಳಿ ಕೂತಿದ್ದ ಯಾಜಕ ಏಲಿ ಇವಳು ಕುಡಿದಿದ್ದಾಳೆ ಎಂದುಕೊಂಡು ಗದರುತ್ತಾನೆ. ಇಲ್ಲ ಸ್ವಾಮೀ, ನನ್ನ ಮನಸ್ಸನ್ನು ದೇವರ ಮುಂದೆ ಹೊಯ್ದುಕೊಳ್ಳುತ್ತಿದ್ದೇನೆ ಎನ್ನುತ್ತಾಳೆ ಹನ್ನ. 18ನೇ ವಚನವನ್ನು ನಿಧಾನವಾಗಿ ಓದಬೇಕು. ಅವಳು ಎದ್ದು ಹೋಗಿ ಊಟ ಮಾಡಿದಳು, ಅವಳ ಮುಖ ಮೊದಲಿನ ಹಾಗೆ ಬಾಡಿರಲಿಲ್ಲ. ಗರ್ಭ ನಿಂತದ್ದು ಆಮೇಲೆ, ಸಮುವೇಲ ಹುಟ್ಟಿದ್ದು ಇನ್ನೂ ಆಮೇಲೆ. ಕೇಳಿದ್ದು ಕೈಗೆ ಬರುವ ಮುಂಚೆಯೇ ಅವಳಿಗೆ ಏನೋ ಸಿಕ್ಕಿತ್ತು.

ಕರ್ತನ ಪ್ರಾರ್ಥನೆಯನ್ನು ಬಿಡಿಸಿ ಹೇಳುವುದು

ಕಲಿಸು ಎಂದು ಕೇಳಿದವರಿಗೆ ಯೇಸು ಕೊಟ್ಟ ಉತ್ತರ ಇದು. ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಬಹುದು. ಆದಿಸಭೆಯ ಒಂದು ಹಳೆಯ ಕೈಪಿಡಿ, ದಿನಕ್ಕೆ ಮೂರು ಸಲ ಇದನ್ನು ಹೇಳಿ ಎನ್ನುತ್ತದೆ. ಕಥೋಲಿಕರು ಹೇಳುವ ಪಾಠಕ್ಕೂ ಪ್ರಾಟೆಸ್ಟೆಂಟರು ಹೇಳುವುದಕ್ಕೂ ಒಂದೆರಡು ಪದ ವ್ಯತ್ಯಾಸ ಇದೆ. ನಿಮಗೆ ಬರುವುದನ್ನೇ ಇಟ್ಟುಕೊಳ್ಳಿ. ಒಂದೊಂದು ಸಾಲಿಗೂ ನಿಂತು, ಆ ಸಾಲಿನೊಳಗೆ ನಿಮ್ಮ ದಿನವನ್ನು ತಂದು ಇಡುವುದು ಅಭ್ಯಾಸ.

"ಪರಲೋಕದಲ್ಲಿರುವ ನಮ್ಮ ತಂದೆಯೇ." ನನ್ನ ತಂದೆ ಎಂದಿಲ್ಲ, ನಮ್ಮ ತಂದೆ. ಒಬ್ಬರೇ ತಾರಸಿಯಲ್ಲಿ ಕೂತು ಹೇಳಿದರೂ ಬೇರೆಯವರನ್ನು ಕರೆದುಕೊಂಡೇ ಹೇಳಬೇಕು. ಕೆಳಗಿನ ಮನೆಯಲ್ಲಿ ಜಗಳವಾಡುವವರಿಗೂ ಅವನೇ ತಂದೆ.

ನಿನ್ನ ನಾಮ, ನಿನ್ನ ರಾಜ್ಯ, ನಿನ್ನ ಚಿತ್ತ: ಈ ಮೂರೂ ನಮ್ಮ ಬೇಡಿಕೆಗಳಿಗಿಂತ ಮುಂಚೆ ಬರುತ್ತವೆ. ನಿನ್ನ ರಾಜ್ಯ ಬರಲಿ ಎನ್ನುವಾಗ ಒಂದು ಜಾಗ ಮನಸ್ಸಿಗೆ ತಂದುಕೊಳ್ಳಿ. ನನ್ನ ಆಫೀಸಿಗೆ ಬರಲಿ. ಮ್ಯಾನ್‌ಹೋಲಿಗೆ ಈಗಲೂ ಮನುಷ್ಯರನ್ನು ಇಳಿಸುವ ಬೀದಿಗೆ ಬರಲಿ. ಗಾರ್ಮೆಂಟ್ ಕಾರ್ಖಾನೆಯಿಂದ ರಾತ್ರಿ ಮನೆಗೆ ನಡೆದು ಹೋಗುವ ಹೆಣ್ಣುಮಕ್ಕಳ ದಾರಿಗೆ ಬರಲಿ. ಹೀಗೆ ಹೇಳಿದ ಮೇಲೆ ಆ ಜಾಗವನ್ನು ಮೊದಲಿನ ಹಾಗೆ ಸುಮ್ನೆ ದಾಟಿ ಹೋಗೋಕೆ ಆಗುವುದಿಲ್ಲ.

ಅನುದಿನದ ಆಹಾರ ಎಂದರೆ ಇವತ್ತಿನದು. ಬೆಳಗ್ಗೆ ಕೂಲಿಗೆ ನಿಂತು, ಯಾರಾದರೂ ಕರೆಯುತ್ತಾರಾ ಎಂದು ಕಾಯುವವರಿಗೆ ಈ ಸಾಲು ಚೆನ್ನಾಗಿ ಗೊತ್ತು. ಫ್ರಿಜ್ ತುಂಬಿರುವವರು ಅವರ ಪರವಾಗಿಯೂ ಇದನ್ನು ಹೇಳಬೇಕು. ಇಎಂಐ, ಬಾಡಿಗೆ, ಔಷಧಿ ಎಲ್ಲವೂ ಈ ಸಾಲಿನೊಳಗೆ ಬರುತ್ತವೆ. ಸಂಕೋಚ ಬೇಡ.

ನಮ್ಮ ತಪ್ಪುಗಳನ್ನು ಕ್ಷಮಿಸು, ನಾವೂ ಕ್ಷಮಿಸಿದ್ದೇವಲ್ಲ ಎನ್ನುವ ಸಾಲು ಎಲ್ಲಕ್ಕಿಂತ ಕಷ್ಟ. ಮತ್ತಾಯನ ಸುವಾರ್ತೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಯೇಸು ಇದೊಂದೇ ಸಾಲಿಗೆ ಮತ್ತೆ ವಿವರಣೆ ಕೊಡುತ್ತಾನೆ (6:14-15). ಕ್ಷಮಿಸೋಕೆ ಮನಸ್ಸು ಬರುತ್ತಿಲ್ಲ ಎಂದಾದರೆ ಕ್ಷಮಿಸಿದ್ದೇನೆ ಎಂದು ಬಾಯಲ್ಲಿ ಹೇಳಬೇಡಿ. "ಕರ್ತನೇ, ಅವನನ್ನು ಕ್ಷಮಿಸೋಕೆ ನನಗೆ ಇಷ್ಟವೇ ಇಲ್ಲ. ಇಷ್ಟವಾಗುವ ಹಾಗೆ ಮಾಡು" ಎನ್ನಿ. ಎಷ್ಟೋ ತಿಂಗಳು ಇಷ್ಟೇ ಹೇಳಬೇಕಾಗಬಹುದು. ಇದರ ಜೊತೆಗೆ ಸ್ಪಷ್ಟವಾಗಿ ಹೇಳುತ್ತೇನೆ: ಕ್ಷಮಿಸುವುದು ಎಂದರೆ ಹೊಡೆಯುವ ಗಂಡನ ಮನೆಗೆ ವಾಪಸ್ ಹೋಗುವುದು ಎಂದಲ್ಲ. ಹಾಗೆಂದು ಯಾರಾದರೂ ಪ್ರಾರ್ಥನೆಯ ಹೆಸರಿನಲ್ಲಿ ಒತ್ತಾಯಿಸಿದರೆ ಕೇಳಬೇಡಿ.

ಕೇಡಿನಿಂದ ತಪ್ಪಿಸು ಎಂಬಲ್ಲಿ ನಿಮಗೆ ಗೊತ್ತಿರುವ ಹಳ್ಳವನ್ನು ಹೆಸರು ಹಿಡಿದು ಹೇಳಿ. ಆನ್‌ಲೈನ್ ಬೆಟ್ಟಿಂಗ್, ಕುಡಿತ, ರಾತ್ರಿ ಒಂದು ಗಂಟೆಗೆ ಫೋನಿನಲ್ಲಿ ನೋಡುವುದು. ದೇವರಿಗೆ ಹೊಸ ಸುದ್ದಿ ಏನಲ್ಲ.

ಮಾತು ಬಾರದ ದಿನ: ಕೀರ್ತನೆಗಳು

ಕೀರ್ತನೆಗಳು 150. ಅವುಗಳಲ್ಲಿ ಸಂತೋಷದ ಹಾಡುಗಳಷ್ಟೇ ಇಲ್ಲ, ಗೋಳು, ದೂರು, ಸಿಟ್ಟು ಬೇಕಾದಷ್ಟು ಇದೆ. ದೇವರ ಮೇಲೆ ದೂರು ಹೇಳಬಹುದಾ ಎಂದು ಕೇಳುವವರಿಗೆ ಕೀರ್ತನೆಗಳೇ ಉತ್ತರ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ 22ನೇ ಕೀರ್ತನೆಯ ಮೊದಲ ಸಾಲನ್ನೇ: ನನ್ನ ದೇವರೇ, ನನ್ನ ದೇವರೇ, ಯಾಕೆ ಕೈಬಿಟ್ಟಿದ್ದೀ?

13ನೇ ಕೀರ್ತನೆಯಿಂದ ಶುರು ಮಾಡಿ. ಆರೇ ವಚನ. ಮೊದಲ ಎರಡರಲ್ಲೇ "ಇನ್ನೆಷ್ಟು ಕಾಲ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಕಂಪನಿ ಕೆಲಸದಿಂದ ತೆಗೆದ ಯುವಕನೊಬ್ಬ ಇದನ್ನು ಪ್ರಾರ್ಥಿಸುವುದು ಹೇಗೆ ನೋಡಿ. ಒಂದು ವಚನ ಗಟ್ಟಿಯಾಗಿ ಓದುವುದು, ನಿಲ್ಲುವುದು, ತನ್ನ ಮಾತು ಸೇರಿಸುವುದು. ದೇವರು ನನ್ನನ್ನು ಮರೆತೇಬಿಟ್ಟನೋ ಎಂಬ ಸಾಲಿಗೆ: "ನಲವತ್ತು ಕಡೆ ರೆಸ್ಯೂಮೆ ಕಳಿಸಿದ್ದೀನಿ, ಒಬ್ಬರೂ ಉತ್ತರ ಕೊಟ್ಟಿಲ್ಲ. ನೀನೂ ಹಾಗೇನಾ?" ಶತ್ರು ನನ್ನ ಮೇಲೆ ಎಷ್ಟು ಕಾಲ ಮೆರೆಯಬೇಕು ಎಂಬಲ್ಲಿಗೆ: "ಚಿಕ್ಕಪ್ಪ ಮದುವೆ ಮನೆಯಲ್ಲಿ ಎಲ್ಲರೆದುರು ಕೇಳಿದಾಗ ಭೂಮಿಗಿಳಿದು ಹೋದೆ." ನನ್ನ ಕಣ್ಣಿಗೆ ಬೆಳಕು ಕೊಡು ಎಂಬಲ್ಲಿಗೆ: "ಬೆಳಗ್ಗೆ ಎದ್ದೇಳೋ ಶಕ್ತಿ ಕೊಡು, ಅಷ್ಟೇ." ಕೊನೆಯ ಎರಡು ವಚನಗಳಲ್ಲಿ ಕೀರ್ತನೆಗಾರ ನಂಬಿಕೆಯ ಕಡೆ ಹೊರಳುತ್ತಾನೆ. ಯುವಕನಿಗೆ ಆ ದಿನ ಅಲ್ಲಿವರೆಗೆ ಹೋಗಲು ಆಗದಿದ್ದರೆ, ಆ ಎರಡನ್ನು ಸುಮ್ಮನೆ ಓದಿ ಮುಚ್ಚಿದರೆ ಸಾಕು. ಈ ಮಾತು ಇನ್ನೂ ನನ್ನದಾಗಿಲ್ಲ ಎಂದೂ ಹೇಳಬಹುದು. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ಅದನ್ನೂ ಸಭೆ ಸತ್ಯವೇದದಿಂದ ತೆಗೆದುಹಾಕಲಿಲ್ಲ.

ಉಳಿದಂತೆ, ಮಾಡಿದ್ದು ಚುಚ್ಚುತ್ತಿದ್ದರೆ 51, ಭಯಕ್ಕೆ 23 ಮತ್ತು 121, ಕೃತಜ್ಞತೆಗೆ 103, ತಲೆತುಂಬ ಗಲಾಟೆ ಇದ್ದರೆ ಮೂರೇ ವಚನದ 131.

ತಪ್ಪೊಪ್ಪಿಗೆ

"ನಾನು ಪಾಪಿ" ಎನ್ನುವುದು ಸುಲಭ, ಎಲ್ಲರೂ ಪಾಪಿಗಳೇ ಅಲ್ವಾ. "ಮನೆಕೆಲಸದ ಅಕ್ಕ ಎರಡು ದಿನ ಜ್ವರ ಎಂದು ಬರಲಿಲ್ಲ, ಅದಕ್ಕೆ ಸಂಬಳ ಹಿಡಿದೆ" ಎನ್ನುವುದು ಕಷ್ಟ. ಎರಡನೆಯದನ್ನು ಹೇಳಿ. ಹೇಳಿ ಅಲ್ಲಿಗೇ ಬಿಡುವ ಹಾಗೂ ಇಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ನಿನ್ನ ಸಹೋದರನ ಜೊತೆ ಸಮಾಧಾನ ಮಾಡಿಕೋ, ಆಮೇಲೆ ಬಾ ಎಂದು ಮತ್ತಾಯ 5:23-24ರಲ್ಲಿ ಇದೆ. ಹಿಡಿದ ಸಂಬಳ ಕೊಟ್ಟು ಬಂದ ಮೇಲೆ ಮಾಡುವ ಪ್ರಾರ್ಥನೆಯೇ ಬೇರೆ. ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರ ಇದೆ. ಬಹಳ ದಿನದಿಂದ ಹೋಗಿಲ್ಲವೆಂದರೆ ಅದನ್ನೇ ಫಾದರ್‌ಗೆ ಮೊದಲ ವಾಕ್ಯವಾಗಿ ಹೇಳಿ, ಮುಂದಕ್ಕೆ ಅವರು ಕೈ ಹಿಡಿದು ನಡೆಸುತ್ತಾರೆ.

ರಾತ್ರಿ ಮಲಗುವ ಮುಂಚೆ ಐದು ನಿಮಿಷದ ಅಭ್ಯಾಸವೊಂದನ್ನು 16ನೇ ಶತಮಾನದಲ್ಲಿ ಲೊಯೊಲಾದ ಸಂತ ಇಗ್ನೇಷಿಯಸ್ ಕಲಿಸಿದರು. ದಿನವನ್ನು ಬೆಳಗಿನಿಂದ ಮತ್ತೆ ನೋಡುತ್ತಾ ಬನ್ನಿ. ಎಲ್ಲಿ ದೇವರು ಹತ್ತಿರ ಇದ್ದ, ಎಲ್ಲಿ ನೀವು ದೂರ ಹೋದಿರಿ? ಒಂದಕ್ಕೆ ಥ್ಯಾಂಕ್ಸ್ ಹೇಳಿ, ಇನ್ನೊಂದಕ್ಕೆ ಕ್ಷಮೆ ಕೇಳಿ, ನಾಳೆಗೆ ನೆರವು ಬೇಡಿ.

ಬೇಡುವುದು

ಬರ್ತಿಮಾಯ ಕುರುಡ. ಜನರೆಲ್ಲ ಸುಮ್ಮನಿರು ಎಂದು ಗದರಿದರೂ ಕೂಗಿ ಕರೆದ. ಯೇಸು ಅವನನ್ನು ಕೇಳಿದ್ದು: ನಾನು ನಿನಗೆ ಏನು ಮಾಡಬೇಕು? (ಮಾರ್ಕ 10:51). ನೋಡಿದವರಿಗೆ ಗೊತ್ತಾಗುವಂಥದ್ದೇ, ಆದರೂ ಅವನ ಬಾಯಿಂದಲೇ ಕೇಳಿಸಿಕೊಂಡ. ಹಾಗಾಗಿ "ಎಲ್ಲರನ್ನೂ ಆಶೀರ್ವದಿಸು" ಎಂದು ಮುಗಿಸಬೇಡಿ. ಅಮ್ಮನ ಶುಗರ್ ಇಳಿಯಲಿ, ತಮ್ಮನಿಗೆ ಶುಕ್ರವಾರದ ಇಂಟರ್‌ವ್ಯೂನಲ್ಲಿ ಧೈರ್ಯ ಇರಲಿ, ಹೀಗೆ ಕೇಳಿ. ಬೇರೆಯವರಿಗಾಗಿ ಬೇಡಲು ಒಂದು ಪುಟ್ಟ ನೋಟ್‌ಬುಕ್ ಇಟ್ಟು, ದಿನಕ್ಕೆ ನಾಲ್ಕೈದು ಹೆಸರು ಹಂಚಿಕೊಂಡರೆ ಯಾರೂ ಬಿಟ್ಟುಹೋಗುವುದಿಲ್ಲ. ನಿಮಗೆ ಆಗದವರ ಹೆಸರೂ ಅದರಲ್ಲಿರಲಿ.

ಕೇಳಿದ ಮೇಲೆ ಗೆತ್ಸೆಮನೆಯ ಎರಡು ಮಾತುಗಳನ್ನೂ ಹೇಳಿ. ಈ ಪಾತ್ರೆಯನ್ನು, ಅಂದರೆ ಬರಲಿರುವ ಸಂಕಟವನ್ನು, ನನ್ನಿಂದ ತೊಲಗಿಸು. ಆದರೂ ನನ್ನ ಚಿತ್ತವಲ್ಲ, ನಿನ್ನ ಚಿತ್ತ. ಕೆಲವರು ಮೊದಲನೆಯದನ್ನಷ್ಟೇ ಹೇಳುತ್ತಾರೆ. ಇನ್ನು ಕೆಲವರು, ತುಂಬ ಭಕ್ತರು, ನೇರ ಎರಡನೆಯದಕ್ಕೆ ಹಾರುತ್ತಾರೆ. ಯೇಸು ಮೊದಲು ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳಿದ.

ಹರಕೆಯ ಬಗ್ಗೆಯೂ ಹೇಳಬೇಕು. ಸಿಕ್ಕ ಕೃಪೆಗೆ ಕೃತಜ್ಞತೆಯಿಂದ ಮೇಣದಬತ್ತಿ ಹಚ್ಚುವುದು, ಬಡವರಿಗೆ ಊಟ ಹಾಕುವುದು ಒಳ್ಳೆಯದೇ. ಆದರೆ ಇಷ್ಟು ಕೊಡುತ್ತೇನೆ, ಇದನ್ನು ಮಾಡಿಕೊಡು ಎಂದು ದೇವರ ಜೊತೆ ಬೆಲೆ ಮಾತಾಡುವುದು ಪ್ರಾರ್ಥನೆಯಲ್ಲ. ದೇವರ ಹೆಸರಿನಲ್ಲಿ ಬೇರೆ ಯಾರೋ ಬೆಲೆ ಹೇಳಿದರೆ, ಇಷ್ಟು ಹಣ ಬಿತ್ತಿದರೆ ಕಾಯಿಲೆ ವಾಸಿ ಎಂದರೆ, ಮಾತ್ರೆ ನಿಲ್ಲಿಸಿ ನಂಬಿಕೆ ತೋರಿಸಿ ಎಂದರೆ, ಎದ್ದು ಬನ್ನಿ. ಆದಿಸಭೆಯ ಅಪೊಸ್ತಲ ಪೌಲನ ಜೊತೆಗಾರ ಲೂಕ ವೈದ್ಯನಾಗಿದ್ದ. ಪ್ರಾರ್ಥನೆಯೂ ಔಷಧಿಯೂ ಒಟ್ಟಿಗೆ ಹೋಗುತ್ತವೆ.

ಕಿವಿಗೊಡುವುದು

ಹತ್ತು ನಿಮಿಷವೂ ನಾವೇ ಮಾತಾಡಿ ಆಮೆನ್ ಎಂದು ಎದ್ದರೆ ಅರ್ಧ ಕೆಲಸ ಉಳಿಯುತ್ತದೆ. 12ನೇ ಶತಮಾನದ ಗಿಗೋ ಎಂಬ ಸನ್ಯಾಸಿ ಇದಕ್ಕೆ ನಾಲ್ಕು ಮೆಟ್ಟಿಲು ಹೇಳಿದ: ಓದು, ಮೆಲುಕು, ಪ್ರಾರ್ಥನೆ, ಸುಮ್ಮನಿರುವುದು. ಮಾರ್ಕ 4:35-41 ತೆಗೆದುಕೊಳ್ಳಿ, ಬಿರುಗಾಳಿಯ ಕಥೆ. ಒಮ್ಮೆ ಓದಿ. ಇನ್ನೊಮ್ಮೆ, ನಿಧಾನವಾಗಿ. ಯಾವುದೋ ಒಂದು ಮಾತು ಹಿಡಿದು ನಿಲ್ಲಿಸುತ್ತದೆ. ದೋಣಿಯ ಹಿಂಭಾಗದಲ್ಲಿ ಯೇಸು ತಲೆದಿಂಬಿನ ಮೇಲೆ ನಿದ್ದೆ ಮಾಡುತ್ತಿದ್ದ ಎಂಬುದೇ ಇರಬಹುದು. ಅಲೆ ಒಳಗೆ ನುಗ್ಗುತ್ತಿರುವಾಗಲೂ ನಿದ್ದೆ. ಅಲ್ಲೇ ನಿಲ್ಲಿ. ಶಿಷ್ಯರು ಎಬ್ಬಿಸಿ ಕೇಳಿದ್ದನ್ನೇ ಕೇಳಿ: ನಾವು ಮುಳುಗಿಹೋಗುವುದು ನಿನಗೆ ಚಿಂತೆಯಿಲ್ಲವೇ? ಆಮೇಲೆ ಏನೂ ಹೇಳದೆ ಇರಿ.

ಕಿವಿಗೆ ದನಿ ಕೇಳಿಸಬೇಕೆಂದಿಲ್ಲ. ಹೆಚ್ಚಿನ ದಿನ ಏನೂ ಆಗುವುದಿಲ್ಲ. ಕೆಲವು ದಿನ ಯಾರಿಗೋ ಫೋನ್ ಮಾಡಬೇಕು ಎನಿಸುತ್ತದೆ, ಹೇಳಿದ ಸುಳ್ಳೊಂದು ನೆನಪಾಗುತ್ತದೆ. ದೊಡ್ಡ ನಿರ್ಧಾರಗಳಲ್ಲಿ, ಮದುವೆಯೋ ಕೆಲಸ ಬಿಡುವುದೋ, ದೇವರು ನನಗೆ ಹೇಳಿದ ಎಂದು ಹೊರಟುಬಿಡಬೇಡಿ. ಅದು ಯೇಸುವಿನ ಮಾತಿಗೆ ಹೊಂದುತ್ತದೆಯೇ, ಅದರಿಂದ ನಿಮ್ಮಲ್ಲಿ ಪ್ರೀತಿ ಹೆಚ್ಚುತ್ತದೆಯೇ ನೋಡಿ. ನಂಬಿಕೆಯಲ್ಲಿ ಹಿರಿಯರಾದ ಒಬ್ಬರನ್ನು ಕೇಳಿ.

ಮನಸ್ಸು ಓಡಿದಾಗ, ಒಳಗೆ ಬತ್ತಿದಾಗ

ಮನಸ್ಸು ಓಡುತ್ತದೆ. ಓಡಿದ ಕಡೆಯದನ್ನೇ ಪ್ರಾರ್ಥನೆಗೆ ಎಳೆದು ತನ್ನಿ. ಕರೆಂಟ್ ಬಿಲ್ ನೆನಪಾಯಿತೇ, ಕರ್ತನೇ, ಬಿಲ್ಲಿನ ಚಿಂತೆ ಎಂದು ಹೇಳಿ ಮತ್ತೆ ಕೀರ್ತನೆಗೆ ಬನ್ನಿ. ನಿಮ್ಮನ್ನೇ ಬೈದುಕೊಳ್ಳಬೇಡಿ. ಸ್ಪೇನಿನ ಆವಿಲಾದ ಸಂತ ತೆರೇಸಾ (1515-1582) ಪ್ರಾರ್ಥನೆಯ ದೊಡ್ಡ ಗುರು. ತನ್ನ ಜೀವನದ ಕೆಲವು ವರ್ಷ, ಪ್ರಾರ್ಥನೆಯಲ್ಲಿ ಇರುವುದಕ್ಕಿಂತ ಹೊತ್ತು ಮುಗಿದ ಗಂಟೆ ಯಾವಾಗ ಹೊಡೆಯುತ್ತದೋ ಎಂದು ಕಿವಿ ಕೊಟ್ಟಿದ್ದೇ ಹೆಚ್ಚು ಎಂದು ಅವರೇ ಬರೆದಿದ್ದಾರೆ. ಆದರೂ ಎದ್ದು ಹೋಗಲಿಲ್ಲ. ಪ್ಯಾರಿಸಿನ ಮಠವೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿದ, 1691ರಲ್ಲಿ ತೀರಿಕೊಂಡ ಬ್ರದರ್ ಲಾರೆನ್ಸ್ ಪಾತ್ರೆಗಳ ಸದ್ದಿನ ನಡುವೆಯೇ ದೇವರ ಜೊತೆ ಮಾತಾಡುವುದನ್ನು ರೂಢಿ ಮಾಡಿಕೊಂಡರು. ಮನೆಗೆಲಸದಲ್ಲಿ ಹತ್ತು ನಿಮಿಷವೂ ಸಿಗದ ತಾಯಂದಿರಿಗೆ ಇದೇ ದಾರಿ: ಸೊಪ್ಪು ಬಿಡಿಸುವಾಗ, ಬಟ್ಟೆ ಹರಡುವಾಗ, ಒಂದೊಂದು ವಾಕ್ಯ.

ಜಪಸರ ಹೇಳುವ ಕಥೋಲಿಕರು "ಬರೀ ಬಾಯಿಪಾಠ" ಎಂಬ ಮಾತು ಕೇಳಿ ಕುಗ್ಗಬೇಕಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಸ್ವಂತ ಮಾತು ಹುಟ್ಟದಿದ್ದಾಗ ಕೈಯಲ್ಲಿನ ಮಣಿಗಳೇ ಹಿಡಿದು ನಿಲ್ಲಿಸುತ್ತವೆ. ಕಲಿತ ಪ್ರಾರ್ಥನೆ, ಸ್ವಂತ ಪ್ರಾರ್ಥನೆ ಎರಡೂ ಬೇಕು.

ಉತ್ತರ ಬಾರದಿದ್ದಾಗ

ನಂಬಿಕೆ ಸಾಲಲಿಲ್ಲ, ಅದಕ್ಕೇ ಆಗಲಿಲ್ಲ ಎಂದು ನೊಂದವರಿಗೆ ಹೇಳುವವರಿದ್ದಾರೆ. ಮಗುವನ್ನು ಕಳೆದುಕೊಂಡವರಿಗೂ ಹೇಳುತ್ತಾರೆ. ಇದು ಕ್ರೂರ, ಸತ್ಯವೂ ಅಲ್ಲ. ಪೌಲ ತಾನು ಶರೀರದ ಮುಳ್ಳು ಎಂದು ಕರೆದ ಬಾಧೆಯೊಂದನ್ನು ತೆಗೆ ಎಂದು ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು (2 ಕೊರಿಂಥ 12:8-9). ಯೇಸುವಿನಿಂದಲೇ ಪಾತ್ರೆ ತೊಲಗಲಿಲ್ಲ. ಯಾಕೆ ಎಂಬ ಪ್ರಶ್ನೆಗೆ ಸಿದ್ಧ ಉತ್ತರ ನಮ್ಮ ಹತ್ತಿರ ಇಲ್ಲ. ಹೇಗೆ ಪ್ರಾರ್ಥಿಸಬೇಕೋ ತಿಳಿಯದಾಗ ಪವಿತ್ರಾತ್ಮನೇ ನಮ್ಮ ಪರವಾಗಿ ನರಳುತ್ತಾನೆ ಎಂಬ ಮಾತು ಇದೆ (ರೋಮಾಪುರದವರಿಗೆ 8:26). ಕಾಯಿಲೆಯ ಮಗನನ್ನು ಯೇಸುವಿನ ಬಳಿಗೆ ಕರೆತಂದ ಅಪ್ಪನೊಬ್ಬನ ಮಾತೂ ಮಾರ್ಕ 9:24ರಲ್ಲಿ ಇದೆ: ನಂಬುತ್ತೇನೆ, ನನ್ನ ಅಪನಂಬಿಕೆಗೆ ನೆರವಾಗು. ಅರ್ಧ ನಂಬಿಕೆಯಿಂದ ಬಂದ ಅವನ ಮಗನೂ ವಾಸಿಯಾದ.

ವಾರಗಟ್ಟಲೆ ನಿದ್ದೆಯಿಲ್ಲದೆ, ಬದುಕೇ ಬೇಡ ಎನಿಸುತ್ತಿದ್ದರೆ ಪ್ರಾರ್ಥನೆ ಸಾಲದೆಂದು ಕೊರಗಬೇಡಿ, ವೈದ್ಯರನ್ನು ಕಾಣಿ. ನಿಮ್ಹಾನ್ಸ್ ಇದೇ ಊರಿನಲ್ಲಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇತರರ ಜೊತೆ

ಒಬ್ಬರೇ ಕಲಿಯುವುದಕ್ಕಿಂತ ಇಬ್ಬರು ಮೂವರ ಜೊತೆ ಕಲಿಯುವುದು ಬೇಗ ಆಗುತ್ತದೆ. ಮನೆಕೂಟದಲ್ಲಿ ನಿಮ್ಮ ಸರದಿ ಬಂದಾಗ ಎದೆ ಹೊಡೆದುಕೊಂಡರೆ ಒಂದೇ ವಾಕ್ಯ ಹೇಳಿ ಆಮೆನ್ ಎನ್ನಿ. "ಕರ್ತನೇ, ಈ ಮನೆಯವರ ಜೊತೆ ಇರು, ಆಮೆನ್." ಯಾರೂ ಅಳತೆ ಹಿಡಿದು ಕೂತಿಲ್ಲ. ಜೋರಾಗಿ ಪ್ರಾರ್ಥಿಸುವ ಸಭೆಗೆ ಹೋಗುವವರು ಮೆಲ್ಲಗೆ ಹೇಳಿದರೂ ನಡೆಯುತ್ತದೆ, ಹನ್ನಳನ್ನು ನೆನಪಿಸಿಕೊಳ್ಳಿ. ಮನೆಯ ಕುಟುಂಬ ಪ್ರಾರ್ಥನೆ ಚಿಕ್ಕದಿರಲಿ. ಮಕ್ಕಳನ್ನು ಒಂದು ಗಂಟೆ ಕೂರಿಸಿದರೆ ಪ್ರಾರ್ಥನೆ ಎಂದರೆ ಶಿಕ್ಷೆ ಎಂದುಕೊಳ್ಳುತ್ತಾರೆ. ಒಂದು ಹಾಡು, ನಾಲ್ಕು ವಚನ, ಪ್ರತಿಯೊಬ್ಬರೂ ಆ ದಿನದ ಒಂದು ಸಂತೋಷ, ಒಂದು ಬೇಡಿಕೆ. ಮಗು ಕಾಣೆಯಾದ ಬೆಕ್ಕಿಗಾಗಿ ಪ್ರಾರ್ಥಿಸಿದರೆ ನೀವೂ ಬೆಕ್ಕಿಗೆ ಆಮೆನ್ ಎನ್ನಿ.

ಇನ್ನೊಂದು ವಿಷಯ, ಇದನ್ನು ಹೇಳುವವರು ಕಡಿಮೆ. ಕೂಟದಲ್ಲಿ ಹಂಚಿಕೊಂಡ ಪ್ರಾರ್ಥನಾ ವಿಷಯ ಮನೆಗೆ ಹೋಗುವಷ್ಟರಲ್ಲಿ ಹರಟೆಯಾಗುತ್ತದೆ. "ಪ್ರಾರ್ಥನೆಗಾಗಿ ಹೇಳ್ತಿದ್ದೀನಿ" ಎಂದು ಶುರುವಾಗಿ ಯಾರದೋ ಮಗಳ ವಿಚ್ಛೇದನ, ಯಾರದೋ ಸ್ಕ್ಯಾನ್ ರಿಪೋರ್ಟ್ ಇಡೀ ವಾಟ್ಸಾಪ್ ಗುಂಪಿಗೆ ತಲುಪುತ್ತದೆ. ಆಮೇಲೆ ಆ ಮನೆಯವರು ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾರೆ. ಗುಂಪಿಗೆ ಹಾಕುವ ಮುಂಚೆ ಅವರನ್ನೇ ಕೇಳಿ: ಹೆಸರು ಹೇಳಬಹುದಾ, ಎಷ್ಟು ಹೇಳಬಹುದು? ಬೇಡ ಎಂದರೆ ಆ ಹೆಸರು ನಿಮ್ಮ ನೋಟ್‌ಬುಕ್ಕಿನಲ್ಲೇ ಇರಲಿ, ಅಲ್ಲಿಂದಲೇ ಬೇಡಿ.